ಹೊಳೆ ಬಂದ ವರ್ಷದ ಉಡಿಯಕ್ಕಿ

ನಮ್ಮತ್ತೆ ಮರುಳಸಿದ್ದಮ್ಮನವರನ್ನು ಯಾರಾದರೂ ಎದುರಿಗೇ ಹೊಗಳಿದರೆ ಅವರು ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಅದನ್ನು ಕಂಡು ಕಂಪ್ಲಿಯ ಜನ ಇನ್ನೂ ಹೊಗಳುತ್ತಿದ್ದರು. ಎಂಥ ವಿನಯ, ಎಂಥ ದೊಡ್ಡ ಗುಣ ಅಂತ. ವಿನಯವಂತೆ ವಿನಯ! ಎಮ್ಮಿಗನೂರಿನಿಂದ ಆ ಮನೆಗೆ ಸೊಸೆಯಾಗಿ ಬಂದು, ಅವರು ಕಣ್ಣು ಮುಚ್ಚುವತನಕ ಪಕ್ಕದಲ್ಲಿ ಕೂತು ಅಕ್ಕಿ ಆರಿಸಿದವಳು ನಾನು, ಸುವರ್ಣಮ್ಮ. ನನಗೆ ಗೊತ್ತು, ಅದು ವಿನಯವಲ್ಲ, ನಾಚಿಕೆ.

ಅತ್ತೆ ಲಿಂಗೈಕ್ಯರಾದ ಮೇಲೆ ಮಠದ ಹಿರಿಯರೂ ಖಾದಿ ಟೋಪಿಯ ನಾಲ್ಕಾರು ಜನರೂ ಬಂದು, "ಹೊಳಿ ಬಂದ ವರ್ಷ ಊರ ಹೆಣ್ಮಕ್ಕಳಿಗೆ ಉಡಿ ತುಂಬಿ ಕಾಪಾಡಿದ ತಾಯಿ. ಅವರ ವಿಷಯ ನಾಲ್ಕು ಮಾತು ಹೇಳ್ರಿ" ಎಂದರು. ಹೇಳುತ್ತೇನೆ, ಆದರೆ ಅರ್ಧ ಕೇಳಿ ಎದ್ದು ಹೋಗಬಾರದು ಎಂದೆ. ಅವರು ಅರ್ಧಕ್ಕೇ ಎದ್ದು ಹೋದರು. ಪೂರ್ತಿ ಕಥೆಯನ್ನು ಇಲ್ಲಿ ಹೇಳುತ್ತಿದ್ದೇನೆ.

ಅತ್ತೆಯ ತವರು ಸಂಡೂರು ಸೀಮೆಯ ಚೋರನೂರು. ಮಳೆ ನಂಬಿದ ಬೆದ್ದಲು ಹೊಲ, ಬಡವರ ಮನೆ. ನಮ್ಮ ಮಾವ ಕೊಟ್ರಬಸಪ್ಪನವರದು ಅಕ್ಕಿ ವ್ಯಾಪಾರ, ಕಂಪ್ಲಿ ಪೇಟೆಯಲ್ಲಿ ಎರಡು ಅಂಕಣದ ಮಳಿಗೆ, ಹಿತ್ತಲಲ್ಲಿ ಗೋದಾಮು. ಅಕ್ಕಿಯ ಮನೆಗೆ ಬಂದರೂ ಅತ್ತೆಗೆ ಚೋರನೂರಿನ ಹೊಟ್ಟೆ ಮರೆತಿರಲಿಲ್ಲ. ಬೆಳಗಾದರೆ ಮಾಳಿಗೆ ಹತ್ತಿ ಓಣಿಯ ಮನೆಗಳ ಕಡೆ ಕಣ್ಣಾಡಿಸುತ್ತಿದ್ದರು. ಯಾರ ಬೆಳಕಿಂಡಿಯಲ್ಲಿ ಹೊಗೆ ಕಾಣಲಿಲ್ಲವೋ ಆ ಮನೆಗೆ ಏನಾದರೊಂದು ನೆಪ ಹೇಳಿ ಅಕ್ಕಿ ಕಳಿಸುತ್ತಿದ್ದರು. "ಈ ಅಕ್ಕಿ ಯಾಕೋ ವಾಸನಿ ಬಡಿತೈತಿ, ಅನ್ನ ಮಾಡಿ ನೋಡಿ ಹೇಳಂತ ಹೇಳು" ಎನ್ನುವರು. ವಾಸನೆಯೂ ಇಲ್ಲ, ಮಣ್ಣೂ ಇಲ್ಲ. ಕೊಟ್ಟೆ ಅನ್ನಿಸದಂತೆ ಕೊಡುವುದರಲ್ಲಿ ಅವರದು ಎತ್ತಿದ ಕೈ. ಈ ಮಾತು ಸುಳ್ಳಲ್ಲ, ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಒಮ್ಮೆ ನನಗೆ ಕಾರಣ ಹೇಳಿದ್ದರು. ಚಿಕ್ಕವರಿದ್ದಾಗ ಚೋರನೂರಿನಲ್ಲಿ ಬರ ಬಿದ್ದು, ಸರ್ಕಾರದವರು ಗಂಜಿ ಹಾಕುವಲ್ಲಿಗೆ ತಾಯಿಯ ಜೊತೆ ಪಾತ್ರೆ ಹಿಡಿದು ಹೋಗಿದ್ದರಂತೆ. ಬಡಿಸುವವನು ಸೌಟಿನಿಂದ ಪಾತ್ರೆಯ ಕಂಠಕ್ಕೆ ಟಣ್ ಅಂತ ಬಡಿದು, "ಸರಿಯಾಗಿ ಹಿಡಿಯಲೇ" ಎಂದನಂತೆ. "ಹೊಟ್ಟಿ ತುಂಬಿದ್ದು ನೆನಪಿಲ್ಲ ಸುವರ್ಣಿ, ಆ ಸಪ್ಪಳ ಮಾತ್ರ ಇನ್ನೂ ಕಿವಿಯಾಗೈತಿ" ಎಂದಿದ್ದರು.

ಆ ವರ್ಷ ಶ್ರಾವಣದಲ್ಲಿ ಮೇಲ್ಸೀಮೆಯಲ್ಲೂ ಮಳೆ, ಸಂಡೂರು ಗುಡ್ಡದಲ್ಲೂ ಮಳೆ. ತುಂಗಭದ್ರೆ ಮೊದಲೇ ದಡ ಮುಟ್ಟಿ ಹರಿಯುತ್ತಿದ್ದಳು. ಗುಡ್ಡದ ಹಳ್ಳಗಳೂ ಒಮ್ಮೆಲೇ ಬಂದು ಕೂಡಿದವು. ಮಧ್ಯಾಹ್ನ ಬಟ್ಟೆ ಒಗೆಯಲು ಹೋದವರು ಬಟ್ಟೆ ಬಿಟ್ಟು ಓಡಿ ಬಂದರು. ಹೊತ್ತು ಮುಳುಗುವಷ್ಟರಲ್ಲಿ ಕೋಟೆಯ ಕೆಳಗಿನ ಅಂಬಿಗರ ಓಣಿ ಅನ್ನುವುದೇ ಇರಲಿಲ್ಲ. ಮಣ್ಣಿನ ಗೋಡೆಗಳು ಸಕ್ಕರೆಯ ಹಾಗೆ ಕರಗಿದವು. ದನ, ಕೋಳಿ, ಕಾಳಿನ ಗುಡಾಣ, ಹಾಸಿಗೆ ಎಲ್ಲವೂ ಹೊಳೆಯ ಪಾಲಾದವು.

ಆ ಓಣಿಯ ಪಕ್ಕೀರಪ್ಪ ಹರಿಗೋಲು ನಡೆಸುವವನು. ಆ ಸಂಜೆ ಅವನು ಎಷ್ಟು ಸಲ ಹೋಗಿ ಬಂದನೋ, ಎಷ್ಟು ಜನರನ್ನು ಗುಡಿಯ ಮಾಳಿಗೆಯಿಂದ, ಹುಣಸೆ ಮರದಿಂದ ಇಳಿಸಿ ತಂದನೋ ಲೆಕ್ಕವಿಲ್ಲ. ಹೆಂಡತಿ ಜಂಬವ್ವ, "ಸಾಕು ಬರ್ರಿ, ಕತ್ತಲಾತು" ಅಂತ ದಡದಿಂದ ಕೂಗುತ್ತಿದ್ದಳಂತೆ. ದಡದ ಕೆಳಗಿನ ಮಂಟಪದ ಮೇಲೆ ಒಬ್ಬ ಮುದುಕ ಸಿಕ್ಕಿಕೊಂಡಿದ್ದ. ಅವನನ್ನು ತರಲು ಹೋದ ಹರಿಗೋಲು ಸುಳಿಗೆ ಸಿಕ್ಕು ನಡುಹೊಳೆಗೆ ಹೋಯಿತು. ಮರುದಿನ ಬೋರಲಾದ ಹರಿಗೋಲು ಕೆಳಗಿನ ಬಂಡೆಗಳ ನಡುವೆ ಸಿಕ್ಕಿತು. ಮುದುಕನ ಹೆಣವೂ ಸಿಕ್ಕಿತು. ಪಕ್ಕೀರಪ್ಪ ಸಿಗಲಿಲ್ಲ. ಹೋದ ಎಂದರು ಕೆಲವರು. ಆಚೆ ದಡ ಹತ್ತಿರಬಹುದು ಎಂದರು ಕೆಲವರು. ಆಚೆ ದಡ ನಿಜಾಮರ ಸೀಮೆ, ನಡುವೆ ಉಕ್ಕುವ ಹೊಳೆ. ಇಂಥ ನೀರಿನಲ್ಲಿ ಸುದ್ದಿ ತರುವವರು ಯಾರು?

ಮನೆ ಹೋದವರು ಪೇಟೆಯ ಗುಡಿಗಳಲ್ಲಿ, ಛತ್ರದಲ್ಲಿ, ಕಲ್ಲುಮಂಟಪದಲ್ಲಿ ಸೇರಿದರು. ಉಟ್ಟ ಬಟ್ಟೆ ಒಣಗಿಸಲು ಇನ್ನೊಂದು ಬಟ್ಟೆ ಇಲ್ಲ. ಬಾವಿಗಳಲ್ಲಿ ಕೆಸರು. ಸುತ್ತಲೂ ನೀರು, ಕುಡಿಯಲು ಒಂದು ಗುಟುಕಿಲ್ಲ. ಹೊಸಪೇಟೆಯಿಂದ ಕಾಳಿನ ಗಾಡಿಗಳು ಹೊರಟಿವೆ ಎಂದು ಸುದ್ದಿ ಬಂತು, ದಾರಿಯ ಹಳ್ಳಗಳು ಒಡೆದಿದ್ದರಿಂದ ಗಾಡಿ ಮಾತ್ರ ಬರಲಿಲ್ಲ. ಮಾವ ಗೋದಾಮು ತೆರೆದರು. ಹಿತ್ತಲಲ್ಲಿ ಕೊಪ್ಪರಿಗೆ ಇಟ್ಟು ಗಂಜಿ ಕಾಯಿಸಿದೆವು.

ಗಂಡಸರು ಬಂದರು, ಮುದುಕರು ಬಂದರು, ಕೂಲಿಯವರು ಬಂದರು. ಮೊನ್ನೆಯವರೆಗೆ ಮನೆ ಮಠ ಕಟ್ಟಿಕೊಂಡು ಬಾಳಿದ್ದ ಗೃಹಿಣಿಯರು ಬರಲಿಲ್ಲ. ಒಬ್ಬಳು ಸೆರಗಿನ ಮರೆಯಲ್ಲಿ ಚರಿಗೆ ಹಿಡಿದು ಹಿತ್ತಲ ಬಾಗಿಲವರೆಗೆ ಬಂದಳು. ಸಾಲು ನೋಡಿ, ಏನೋ ಮರೆತವಳಂತೆ ಹಿಂದಕ್ಕೆ ಹೋದಳು. ಅತ್ತೆ ಅದನ್ನು ಕಂಡರು. ಅವತ್ತು ಅವರೂ ಉಣ್ಣಲಿಲ್ಲ.

ಬೆಳಿಗ್ಗೆ ಎದ್ದವರೇ ನನ್ನನ್ನು ಕರೆದು, "ಸುವರ್ಣಿ, ಕುಂಕುಮದ ಭರಣಿ ತಗೊಂಡು ಬಾ. ಎಲ್ಲಾ ಹೆಣ್ಮಕ್ಕಳಿಗೂ ಉಡಿ ತುಂಬಸ್ತೀನಿ" ಎಂದರು.

"ಈ ಹೊತ್ನ್ಯಾಗ ಉಡಿ ಏನತ್ತಿ?" ಎಂದೆ ನಾನು.

"ಗಂಜಿ ಒಲ್ಲೆ ಅಂತಾರ, ಉಡೀನ ಯಾವ ಹೆಣ್ಮಗಳು ಒಲ್ಲೆ ಅಂತಾಳ? ಹೇಳು ನೋಡೋಣ!"

ನನಗೆ ಕುಣಿಯುವಷ್ಟು ಸಂತೋಷವಾಯಿತು. ನಮ್ಮ ಕಡೆ ಮುತ್ತೈದೆಯ ಸೆರಗಿಗೆ ಅಕ್ಕಿ, ಕೊಬ್ಬರಿ, ಅರಿಶಿಣದ ಕೊಂಬು ಹಾಕಿ ಕಳಿಸುವುದು ಮರ್ಯಾದೆ. ಅದು ದಾನವಲ್ಲ, ಮನೆಮಗಳಿಗೆ ಸಲ್ಲುವ ಮಾನ. ಹೊರಡುವಾಗ ಅವಳು ತನ್ನ ಉಡಿಯಿಂದ ನಾಲ್ಕು ಕಾಳು ತೆಗೆದು ನಮ್ಮ ಮೊರಕ್ಕೆ ಹಾಕುತ್ತಾಳೆ, ಅಂದರೆ ಅವಳೂ ಕೊಟ್ಟವಳೇ. ಇದಕ್ಕಿಂತ ಒಳ್ಳೆಯ ಉಪಾಯ ಯಾರ ತಲೆಗೆ ಹೊಳೆದೀತು?

ನಾನೂ ಅತ್ತೆಯೂ ಗುಡಿ ಗುಡಿಗೆ ಹೋಗಿ, ಮದುವೆಗೆ ಕರೆಯುವ ಹಾಗೆ ಕುಂಕುಮ ಹಚ್ಚಿ ಕರೆದೆವು. "ಮಧ್ಯಾಹ್ನ ಉಡಿ ತುಂಬಿಸ್ಕೊಳ್ಳಾಕ ಬರ್ರಿ ಯವ್ವಾ." ಕುಂಕುಮವಿರುವ ಹಣೆಗಳನ್ನೇ ಹುಡುಕಿ ಹುಡುಕಿ ಕರೆದೆವು. ಆಗ ಅದು ನಮಗೆ ತಪ್ಪೆಂದು ಅನ್ನಿಸಲೇ ಇಲ್ಲ. ಉಡಿಗೆ ಕರೆಯುವುದೇ ಹಾಗಲ್ಲವೇ!

ಜಗಲಿಯ ಮೇಲೆ ಕಂಬಳಿ ಹಾಸಿದೆವು. ಒಬ್ಬೊಬ್ಬಳಿಗೂ ಬೊಗಸೆ ಬೊಗಸೆ ಅಕ್ಕಿ. ಇಡೀ ಕೊಬ್ಬರಿ ಬಟ್ಟಲು ಸಾಲದೆ ಚೂರು ಮಾಡಿದೆವು. ಊರಲ್ಲಿ ಒಣ ಕಟ್ಟಿಗೆ ಇರಲಿಲ್ಲವೆಂದು ಅಟ್ಟದ ಮೇಲಿನ ಕುಳ್ಳನ್ನೂ ಹಂಚಿದೆವು. ಹೆಂಗಸರು ತುಂಬಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಲೆ ಎತ್ತಿ ನಡೆದು ಹೋದರು. ಸಂಜೆ ಮಂಟಪಗಳಲ್ಲಿ ಒಲೆ ಹೊಗೆಯಾಡಿದ್ದನ್ನು ಅತ್ತೆ ಮಾಳಿಗೆಯ ಮೇಲಿಂದ ನೋಡಿ ಕಣ್ಣೊರೆಸಿಕೊಂಡರು. ಊರೆಲ್ಲ ಅವರದೇ ಮಾತು. ಮನೆಮನೆಗೆ ಅಕ್ಕಿ ಹೋದ ಮೇಲೆ ಗಂಜಿ ಯಾಕೆ ಎಂದು ಹಿತ್ತಲ ಕೊಪ್ಪರಿಗೆಯನ್ನು ಇಳಿಸಿ ಬೋರಲು ಹಾಕಿದೆವು. ಗಂಜಿಯಲ್ಲಿ ಖರ್ಚಾಗುವ ಅಕ್ಕಿಯನ್ನು ಉಡಿಗೇ ಸೇರಿಸಿದರೆ ಒಂದೆರಡು ಬೊಗಸೆ ಹೆಚ್ಚಿಗೆ ಹಾಕಬಹುದಲ್ಲ!

ಹೀಗೆ ಎರಡನೆಯ ಸಲ ಉಡಿ ತುಂಬುವ ದಿನ ಜಂಬವ್ವ ಬಂದಳು. ಸೊಂಟದಲ್ಲಿ ಎಳೆಗೂಸು, ಕೈ ಹಿಡಿದುಕೊಂಡ ಹೆಣ್ಣುಮಗು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ನಾವು ಅವಳನ್ನು ಕರೆದಿರಲಿಲ್ಲ. ಕರೆಯಲು ಹೋದಾಗ ಅವಳು ಹೊಳೆಯ ದಂಡೆಯಲ್ಲಿ ಆಚೆ ದಡ ನೋಡುತ್ತ ಕೂತಿದ್ದಳೆಂದು ಆಮೇಲೆ ಗೊತ್ತಾಯಿತು. ಕಂಬಳಿಯ ತುದಿಗೆ ಬಂದು ಕೂತು ಸೆರಗು ಒಡ್ಡಿದಳು.

ಪಕ್ಕದಲ್ಲಿದ್ದವಳು ಅಷ್ಟು ದೂರ ಸರಿದಳು. ಅವಳ ಪಕ್ಕದವಳೂ ಸರಿದಳು. ಅಂಬಿಗರ ಓಣಿಯ ಹಿರಿಯಳು ಎರ್ರಮ್ಮ ಎದ್ದು ನಿಂತು ಗಟ್ಟಿಯಾಗಿಯೇ ಕೇಳಿದಳು: "ಅಕ್ಕಾರ, ಆಕಿ ಗಂಡ ಹೊಳಿ ಪಾಲಾಗ್ಯಾನ. ಆಕಿಗೆ ಹೆಂಗ ತುಂಬತೀರಿ? ಅದ ಮೊರದಾಗಿಂದು ನಮಗೂ ತುಂಬತೀರೇನು?"

ಅತ್ತೆಯ ಬೊಗಸೆಯಲ್ಲಿ ಅಕ್ಕಿ ಇತ್ತು. ಕೈ ಜಂಬವ್ವನ ಸೆರಗಿನ ಮೇಲೆಯೇ ಇತ್ತು, ಇನ್ನೇನು ಬಿಡಬೇಕು. ಬಿಟ್ಟಿದ್ದರೆ ಏನಾಗುತ್ತಿತ್ತು? ನಾಲ್ಕು ಜನ ಮುಖ ಕಿವುಚಿಕೊಂಡು ಎದ್ದು ಹೋಗುತ್ತಿದ್ದರು, ಹೋಗಲಿ! ಅತ್ತೆ ಬಿಡಲಿಲ್ಲ. ಎಲ್ಲರನ್ನೂ ಒಮ್ಮೆ ನೋಡಿ, ನ್ಯಾಯ ಹೇಳುವವರ ಹಾಗೆ, ಬಹಳ ಮೃದುವಾಗಿ ಕೇಳಿದರು:

"ಜಂಬವ್ವ, ನೀನ ಹೇಳವ್ವ. ಪಕ್ಕೀರಪ್ಪ ಅದಾನ, ಇಲ್ಲ?"

ಅಯ್ಯೋ ಶಿವನೇ! ಅದಾನ ಎಂದರೆ ಅಕ್ಕಿಗಾಗಿ ಸುಳ್ಳು ಹೇಳಿದಳು ಎನ್ನುತ್ತಾರೆ. ಇಲ್ಲ ಎಂದರೆ ತನ್ನ ಬಾಯಿಂದಲೇ ಗಂಡನನ್ನು ಕೊಂದ ಹಾಗೆ. ಜಂಬವ್ವ ಅತ್ತೆಯ ಮುಖ ನೋಡಲಿಲ್ಲ, ಬೊಗಸೆಯನ್ನೇ ನೋಡುತ್ತಿದ್ದಳು.

"ನನಗ ಗೊತ್ತಿಲ್ರಿ ಅವ್ವಾರ. ಹೊಳಿ ಇಳದ್ರ ಗೊತ್ತಾಗತೈತಿ. ಮಕ್ಕಳು ಉಂಡಿಲ್ರಿ" ಎಂದಳು.

"ಹಂಗಂದ್ರ ಹೊಳಿ ಇಳೀಲಿ ತಾಯಿ. ಅವ ಬರಲಿ, ಎಲ್ಲಾರಿಗಿಂತ ದುಪ್ಪಟ್ಟು ತುಂಬತೀನಿ" ಎಂದರು ಅತ್ತೆ. ಬೊಗಸೆಯ ಅಕ್ಕಿಯನ್ನು ಪಕ್ಕದವಳ ಸೆರಗಿಗೆ ಸುರಿದರು.

ಜಂಬವ್ವ ಖಾಲಿ ಸೆರಗನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡು ಎದ್ದಳು. ಮಕ್ಕಳನ್ನು ಕರೆದುಕೊಂಡು ಅಷ್ಟೂ ಹೆಂಗಸರ ನಡುವೆ ನಡೆದು ಹೋದಳು. ಯಾರೂ ಒಂದು ಮಾತಾಡಲಿಲ್ಲ. ನಾನೂ ಆಡಲಿಲ್ಲ. ಅತ್ತೆ ಉಳಿದವರಿಗೆಲ್ಲ ಉಡಿ ತುಂಬಿ ಮುಗಿಸಿದರು.

ಮುಗಿಸಿ ಒಳಗೆ ಬಂದವರೇ ಬುಟ್ಟಿ ತುಂಬ ಅಕ್ಕಿ ಹಾಕಿ, ಮೇಲೆ ನಾಲ್ಕು ರೊಟ್ಟಿ ಇಟ್ಟು, "ಜಲ್ದಿ ಹೋಗು ಸುವರ್ಣಿ, ಆಕಿಗೆ ಕೊಟ್ಟು ಬಾ. ಉಡಿ ಅಂತ ಅನಬ್ಯಾಡ, ಬರೇ ಅಕ್ಕಿ ಅಂತ ಕೊಡು" ಎಂದರು.

ಕಲ್ಲುಮಂಟಪಕ್ಕೆ ಹೋದೆ. ಜಂಬವ್ವ ಕಂಬಕ್ಕೆ ಒರಗಿ ಕೂತಿದ್ದಳು, ಕೂಸು ಬತ್ತಿದ ಮೊಲೆಯನ್ನು ಜಗ್ಗಿ ಜಗ್ಗಿ ಅಳುತ್ತಿತ್ತು. ಬುಟ್ಟಿ ಮುಂದಿಟ್ಟೆ. ಅವಳು ಅದನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು.

"ಬ್ಯಾಡ್ರಿ ಅಕ್ಕಾರ. ಗಂಡ ಇದ್ದಾಕಿಗೆ ಸೆರಗಿಗೆ ಹಾಕತೀರಿ. ನನಗ ಬುಟ್ಟಿಯಾಗ ತಂದೀರಿ. ಇದನ್ನ ತಗೊಂಡ್ರ ಇಲ್ಲ ಅಂತ ನಾನ ಒಪ್ಪಿಕೊಂಡಂಗ ಆಗತೈತಿ" ಎಂದಳು.

"ಹುಚ್ಚಿ, ಮಕ್ಕಳ ಮುಖ ನೋಡು" ಎಂದು ಬೈದೆ. ರೊಟ್ಟಿ ತೆಗೆದು ಹೆಣ್ಣುಮಗುವಿಗೆ ಚಾಚಿದೆ. ಆ ಮಗು ತಾಯಿಯ ಮುಖ ನೋಡಿತು, ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡಿತು. ನಾನು ಅಲ್ಲಿಂದ ಎದ್ದುಬಿಟ್ಟೆ.

ಮಂಟಪದ ಹಿಂಬದಿಯ ಮೂಲೆಯಿಂದ ಯಾರೋ, "ನಮಗೇನಾರ ಐತೇನ್ರಿ ತಾಯಿ?" ಎಂದರು. ತಿರುಗಿ ನೋಡಿದರೆ ಗೋಡೆಗೆ ಅಂಟಿಕೊಂಡು ಕೂತಿದ್ದಾರೆ ಬೋಳು ಹಣೆಯ ಹೆಂಗಸರು. ಮುದುಕಿಯರು, ನಡುವಯಸ್ಸಿನವರು, ಹೊಳೆ ಗಂಡನನ್ನು ಕೊಂಡೊಯ್ದು ಹೆಣವನ್ನು ತಿರುಗಿ ಕೊಟ್ಟಿದ್ದ ಇಬ್ಬರು ಎಳೆಯರು. ಉಡಿಗೆ ಅವರನ್ನು ಕರೆದಿರಲಿಲ್ಲ, ಗಂಜಿ ನಿಂತುಹೋಗಿತ್ತು. ಊರಿಗೆಲ್ಲ ಉಂಡಿರಾ ಎಂದು ಕೇಳಿದ ನಾವು ಇವರನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಥೂ, ನಮ್ಮ ಜನ್ಮಕ್ಕೆ! ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರಿಗೆ ಎಲ್ಲರಿಗಿಂತ ಮೊದಲು ಕೊಡಬೇಕು ಅನ್ನುವುದು ಮನೆಯಲ್ಲಿ ಯಾರೊಬ್ಬರಿಗೂ ಹೊಳೆಯಲಿಲ್ಲ. ಬುಟ್ಟಿಯನ್ನು ಅಲ್ಲೇ ಬರಿದು ಮಾಡಿ ಬಂದು ಅತ್ತೆಗೆ ಹೇಳಿದೆ.

"ಟಣ್ ಅಂತ ನಾನೂ ಬಡದೆ ಸುವರ್ಣಿ" ಎಂದರು.

ಆ ಕ್ಷಣವೇ ಕೊಪ್ಪರಿಗೆ ಒಲೆಗೇರಿತು. ಅತ್ತೆ ಮತ್ತೆ ಗುಡಿಗುಡಿಗೆ ನನ್ನನ್ನು ಓಡಿಸಿದರು, ಯಾರು ಬೇಕಾದರೂ ಬರಬಹುದು ಎಂದು ಹೇಳಿಸಿದರು. ಆದರೆ ಒಮ್ಮೆ ಉಡಿ ಎಂದು ಎತ್ತರದ ಜಾಗ ಮಾಡಿದ ಮೇಲೆ ಉಳಿದದ್ದೆಲ್ಲ ತಗ್ಗಾಯಿತು. ಗಂಜಿಗೆ ಬಂದವರು ಆ ಬೋಳು ಹಣೆಯವರೇ. ಸಂಜೆಯೊಳಗೆ ಪೇಟೆಯ ಹೆಂಗಸರು ಅದಕ್ಕೆ ಹೆಸರೂ ಇಟ್ಟಿದ್ದರು, ಮುಂಡೇರ ಗಂಜಿ. ಬಾಯಿಗೆ ಹುಳ ಬೀಳಲಿ ಅವರ! ಆ ಹೆಸರು ಬಿದ್ದ ಮೇಲೆ ಜಂಬವ್ವ ಅಲ್ಲಿಗಾದರೂ ಹೇಗೆ ಬಂದಾಳು? ಅತ್ತೆ ತಾವೇ ಮಂಟಪಕ್ಕೆ ಹೋಗಿ ಕರೆದರು. ಅವಳು ಕೈಯ ಬಳೆಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡು ಕೂತಿದ್ದಳಂತೆ.

ಮರುದಿನ ಮಧ್ಯಾಹ್ನ ಹಿತ್ತಲಲ್ಲಿ ಸಾಲು ನಿಂತಿತ್ತು. ಅತ್ತೆಯೇ ಸೌಟು ಹಿಡಿದಿದ್ದರು, ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಪಾತ್ರೆಗೆ ಸೌಟು ತಾಗದಂತೆ ಬಗ್ಗಿ ಬಗ್ಗಿ ಬಡಿಸುತ್ತಿದ್ದರು. ಒಂದು ಮಣ್ಣಿನ ಗಡಿಗೆ ಮುಂದೆ ಬಂತು. ಹಿಡಿದ ಕೈಗಳ ಮಣಿಕಟ್ಟಿನಲ್ಲಿ ಗಾಜು ಗೀರಿದ ಗಾಯ, ರಕ್ತ ಇನ್ನೂ ಹಸಿಯಾಗಿತ್ತು. ಅತ್ತೆ ತಲೆಯೆತ್ತಿದರು. ಜಂಬವ್ವ. ಹಣೆ ಬೋಳು, ಕೊರಳು ಬೋಳು. ಸೊಂಟದಲ್ಲಿ ಕೂಸು ಅಳುತ್ತಿರಲಿಲ್ಲ, ಅಳುವ ಶಕ್ತಿ ಅದಕ್ಕೆ ಉಳಿದಿರಲಿಲ್ಲ.

"ಹಾಕ್ರಿ ಅವ್ವಾರ. ಈಗ ನನಗೂ ಹಾಕಬೋದಲ್ಲ" ಎಂದಳು.

ನೆಲ ಬಿರಿದು ನಮ್ಮಿಬ್ಬರನ್ನೂ ಒಳಗೆ ಎಳೆದುಕೊಳ್ಳಬಾರದಿತ್ತೇ! ಅತ್ತೆಯ ಸೌಟು ಗಡಿಗೆಯ ಕಂಠಕ್ಕೆ ತಾಗಿ ಸಪ್ಪಳವಾಯಿತು. ಗಂಜಿ ಹಾಕಿದರು, ಮತ್ತೂ ಹಾಕಿದರು, ಗಡಿಗೆ ತುಂಬಿ ಹೊರಗೆ ಚೆಲ್ಲಿತು. ಜಂಬವ್ವ ಅಲ್ಲೇ ಗೋಡೆಯ ಬುಡದಲ್ಲಿ ಕೂತು ಬೆರಳಿನಿಂದ ಗಂಜಿಯ ತಿಳಿಯನ್ನು ಕೂಸಿನ ಬಾಯಿಗೆ ಹನಿಸಿದಳು. ಹೆಣ್ಣುಮಗು ಗಡಿಗೆಗೇ ಬಾಯಿ ಹಚ್ಚಿತು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಎರ್ರಮ್ಮ, "ಈಗ ಬುದ್ಧಿ ಬಂತು ನೋಡು" ಎಂದಳು. ನನ್ನ ಕೈಯಲ್ಲಿದ್ದ ಗಂಜಿಯ ತಂಬಿಗೆಯನ್ನು ಅವಳ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು. ಸುರಿಯಲಿಲ್ಲ, ಅದೇ ದುಃಖ.

ಅವತ್ತಿನಿಂದ ಅತ್ತೆ ಮೊರ ಮುಟ್ಟಲಿಲ್ಲ. ಬಂದ ಹೆಂಗಸರನ್ನು ಗಂಜಿಯ ಸಾಲಿಗೇ ಕಳಿಸಿದರು, ಅಕ್ಕಿ ಬೇಕೆಂದವರಿಗೆ ಬುಟ್ಟಿಯಲ್ಲೇ ಹಾಕಿದರು. ಎರ್ರಮ್ಮ ಸಿಟ್ಟು ಮಾಡಿಕೊಂಡು ಹೋದಳು. ಕೆಲವರು ಹೋದರು, ಹಸಿವಾದ ಮೇಲೆ ತಿರುಗಿ ಬಂದರು. ಹೊಸಪೇಟೆಯ ಗಾಡಿಗಳೂ ಕೊನೆಗೊಮ್ಮೆ ಬಂದವು. ಜಂಬವ್ವ ದಿನವೂ ಗಡಿಗೆ ಹಿಡಿದು ಬಂದು ನಿಲ್ಲುತ್ತಿದ್ದಳು, ಗಂಜಿ ಹಾಕಿಸಿಕೊಂಡು ಹೋಗುತ್ತಿದ್ದಳು. ಕೂಸು ಮತ್ತೆ ಅಳತೊಡಗಿತು. ಆ ಅಳು ಕೇಳಿ ಅತ್ತೆ ದೇವರಿಗೆ ಕೈ ಮುಗಿದರು.

ಹೊಳೆ ಇಳಿಯಿತು. ಆಚೆ ದಡದಿಂದ ಮೊದಲು ದಾಟಿದ ಹರಿಗೋಲಿನಲ್ಲಿ ಪಕ್ಕೀರಪ್ಪ ಬಂದ.

ಸುಳಿ ಅವನನ್ನು ಮರದ ದಿಮ್ಮಿಯೊಂದಿಗೆ ನಿಜಾಮರ ಸೀಮೆಯ ದಂಡೆಗೆ ಎಸೆದಿತ್ತಂತೆ. ಕಾಲಿನ ಎಲುಬು ಮುರಿದಿತ್ತು. ಕುರುಬರು ಎತ್ತಿಕೊಂಡು ಹೋಗಿ ಹಟ್ಟಿಯಲ್ಲಿ ಮಲಗಿಸಿ, ಬಿದಿರಿನ ದಬ್ಬೆ ಕಟ್ಟಿ ಸಾಕಿದ್ದರು. ಊರಲ್ಲಿ ಕುಣಿತವೋ ಕುಣಿತ. ಗುಸುಗುಸು ಅದಕ್ಕಿಂತ ಹೆಚ್ಚು. ಗಂಡ ಬದುಕಿರುವಾಗ ಬಳೆ ಒಡೆದುಕೊಂಡವಳು, ಗಡಿಗೆ ಗಂಜಿಗಾಗಿ ಗಂಡನನ್ನು ಸಾಯಿಸಿದವಳು. ಯಾರು ಹೇಳಿದ್ದು? ಉಡಿಯ ದಿನ ಪಕ್ಕಕ್ಕೆ ಸರಿದು ಕೂತಿದ್ದರಲ್ಲ, ಅವರೇ!

ಎರಡು ದಿನ ಬಿಟ್ಟು ಗಂಡ ಹೆಂಡತಿ ನಮ್ಮ ಮನೆಗೆ ಬಂದರು. ಪಕ್ಕೀರಪ್ಪ ಕೋಲೂರಿಕೊಂಡು ಜಗಲಿ ಹತ್ತಿದ. ಬಳಲಿದ ಮುಖದಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. "ಅವ್ವಾರ, ನಿಮ್ಮ ಗಂಜಿಯಿಂದ ನನ್ನ ಮಕ್ಕಳು ಉಳದಾವ್ರಿ. ನಿಮ್ಮ ಋಣ ಹೆಂಗ ತೀರಸ್ಲಿ" ಎಂದು ಕೈ ಮುಗಿದ. ಅವನ ಹಿಂದೆ ಜಂಬವ್ವ ನಿಂತಿದ್ದಳು. ಹಣೆಯಲ್ಲಿ ಕುಂಕುಮವಿತ್ತು, ಕೈ ಮಾತ್ರ ಬರಿದು.

ಅತ್ತೆ ಒಳಗೆ ಓಡಿದರು. ಹೊಸ ಸೀರೆ, ಹಸಿರು ಬಳೆ, ಇಡೀ ಕೊಬ್ಬರಿ ಬಟ್ಟಲು, ಮೊರ ತುಂಬ ಸಣ್ಣಕ್ಕಿ ತಂದರು. ಕಂಬಳಿ ಹಾಸಿದರು. "ಕುಂದ್ರವ್ವ ಜಂಬವ್ವ. ಮಾತು ಕೊಟ್ಟಿದ್ದೆನಲ್ಲ, ದುಪ್ಪಟ್ಟು ತುಂಬತೀನಿ" ಎಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೊಗಸೆ ತುಂಬ ಅಕ್ಕಿ ಎತ್ತಿಕೊಂಡರು.

ಜಂಬವ್ವ ಕೂರಲಿಲ್ಲ.

"ಸೆರಗು ಒಡ್ಡು, ಅವ್ವಾರು ಕೊಡತಾರ" ಎಂದ ಪಕ್ಕೀರಪ್ಪ. ಪಾಪ, ಅವನಿಗೆ ಅರ್ಧ ಸಂಗತಿಯಷ್ಟೇ ಗೊತ್ತಿತ್ತು.

"ಅವ್ವಾರ, ಅವತ್ತು ಎಲ್ಲಾರ ಮುಂದ ಒಂದು ಮಾತು ಕೇಳಿದ್ರಲ್ಲ. ಅದನ್ನ ಇವತ್ತೂ ಕೇಳ್ರಿ" ಎಂದಳು ಜಂಬವ್ವ.

"ಬ್ಯಾಡ ತಾಯಿ" ಎಂದರು ಅತ್ತೆ.

"ಕೇಳ್ರಿ."

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಅತ್ತೆಯ ಬೆರಳ ಸಂದಿಯಿಂದ ಅಕ್ಕಿ ಸುರಿಯತೊಡಗಿತು. ಕೇಳಿಯೂ ಕೇಳಿಸದಂತೆ ಕೇಳಿದರು:

"ಪಕ್ಕೀರಪ್ಪ ಅದಾನೇನವ್ವ?"

"ಅದಾನ್ರಿ" ಎಂದಳು ಜಂಬವ್ವ. "ಅವತ್ತೂ ಇದ್ದ."

ಗಂಡನ ತೋಳು ಹಿಡಿದು ಮೆಟ್ಟಿಲು ಇಳಿಸಿಕೊಂಡು ಹೋದಳು. ಸೆರಗು ಒಡ್ಡಲಿಲ್ಲ.